ಬೇರಿಗೆ ಬೂಷ್ಟು ಬೇಕೇ?



ಬೂಷ್ಟು ಎಂದ ಕೂಡಲೇ ನಮ್ಮ ಮುಖ ಗಂಟಿಕ್ಕುತ್ತದೆ. ಮಳೆಗಾಲ ಬಂತೆಂದರೆ ಉಪ್ಪಿನಕಾಯಿ ಜಾಡಿಯ ಬಾಯಲ್ಲಿ, ಹಪ್ಪಳದ ಡಬ್ಬಿಯಲ್ಲಿ, ಬೀರುವಿನೊಳಗಿನ ರೇಷ್ಮೆ ಸೀರೆಯ ಮಡಿಕೆಯಲ್ಲಿ ಅದನ್ನು ಕಂಡು ನಾವು ಪಡುವ ಸಂಕಟ ನಮಗೇ ಗೊತ್ತು. ಅಂಥದ್ದನ್ನು ದುಡ್ಡು ಕೊಟ್ಟು ತಂದು ಗಿಡದ ಬುಡಕ್ಕೆ ಹಾಕಿ ಎಂದರೆ ಯಾರು ತಾನೇ ನಂಬಿಯಾರು?

ಸಿದ್ದಾಪುರದ ಕಡೆಯ ಸೋದರಿಯೊಬ್ಬರು ಇದೇ ಅನುಮಾನವನ್ನು ನಾಲ್ಕು ಪುಟ ತುಂಬ ಬರೆದು ಕಳಿಸಿದ್ದಾರೆ. ಅವರೂ ಅವರ ಸಂಘದ ಹೆಂಗಸರೂ ಸೇರಿ ಸಾಲ ತೆಗೆದು, ಕಾಳುಮೆಣಸಿನ ಬಳ್ಳಿಯ ತುಂಡುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ನೆಟ್ಟು, ಬೇರು ಬರಿಸಿ ಮಾರುತ್ತಾರೆ. ಹೋದ ಸಲ ಚೀಲದಲ್ಲಿ ಚೆನ್ನಾಗಿಯೇ ಇದ್ದ ಬಳ್ಳಿಗಳು ತೋಟಕ್ಕೆ ಹೋದ ಮೇಲೆ ಏಳಲೇ ಇಲ್ಲವಂತೆ. ಕೊಂಡವರು ಮುಖ ತಿರುಗಿಸಿಕೊಂಡು ಓಡಾಡುತ್ತಿದ್ದಾರೆ. ಗೊಬ್ಬರದ ಅಂಗಡಿಯವರು ಒಂದು ಪೊಟ್ಟಣ ತೋರಿಸಿ, "ಇದು ವ್ಯಾಮ್ ಅಂತ, ಬೇರಿಗೆ ಒಳ್ಳೆಯ ಬೂಷ್ಟು, ಹಾಕಿದರೆ ಒಂದೂ ಸಾಯೋದಿಲ್ಲ" ಎಂದರಂತೆ. ಸಂಘದ ಪೆಟ್ಟಿಗೆಯಲ್ಲಿ ಉಳಿದಿರುವುದು ಅಷ್ಟಿಷ್ಟು ಹಣ. "ಅಕ್ಕಾ, ಇದನ್ನು ಕೊಳ್ಳೋಣವೇ? ಇಲ್ಲಾ ಇದೂ ಒಂದು ಮೋಸವೇ? ಬೂಷ್ಟು ಹಿಡಿದರೆ ಇದ್ದ ಬೇರೂ ಕೊಳೆತು ಹೋಗೋದಿಲ್ಲವೇ?" ಎಂದು ಕೇಳಿದ್ದಾರೆ.

ಮೊದಲು ಉತ್ತರ ಹೇಳಿಬಿಡುತ್ತೇನೆ, ವಿವರಣೆ ಆಮೇಲೆ. ವ್ಯಾಮ್ ಎಂಬುದು ಮೋಸವಲ್ಲ. "ಒಂದೂ ಸಾಯೋದಿಲ್ಲ" ಎಂಬ ಮಾತು ಮಾತ್ರ ಮೋಸ. ಈ ಎರಡರ ನಡುವೆ ಎಷ್ಟು ದೂರವಿದೆ ಎಂದು ತಿಳಿದುಕೊಂಡರೆ ಸಂಘದ ಹಣವೂ ಉಳಿಯುತ್ತದೆ, ಬಳ್ಳಿಯೂ ಉಳಿದೀತು. ತಾರಸಿಯ ಮೇಲೆ ತೆಂಗಿನ ನಾರಿನ ಪುಡಿಯಲ್ಲಿ ಟೊಮೇಟೊ, ಮೆಣಸಿನಕಾಯಿ ಬೆಳೆಯುವ ಪೇಟೆಯ ಸೋದರಿಯರಿಗೂ ಈ ವಿಷಯ ಸೇರಿದ್ದೇ.

ಬೂಷ್ಟಿನಲ್ಲೂ ಜಾತಿಗಳಿವೆ. ಹಪ್ಪಳಕ್ಕೆ ಹಿಡಿಯುವುದು ಒಂದು, ಸತ್ತ ಎಲೆಯನ್ನು ಕೊಳೆಸಿ ಗೊಬ್ಬರ ಮಾಡುವುದು ಇನ್ನೊಂದು, ಬೇರನ್ನೇ ತಿಂದು ಗಿಡ ಕೊಲ್ಲುವುದು ಮತ್ತೊಂದು. ಈ ವ್ಯಾಮ್ ಇವಾವುದೂ ಅಲ್ಲ. ಇದು ಜೀವಂತ ಬೇರಿನ ಒಳಗೆ ಹೊಕ್ಕು, ಬೇರಿಗೆ ನೋವಾಗದಂತೆ ಅಲ್ಲೇ ವಾಸ ಮಾಡಿಕೊಂಡು, ತನ್ನ ನೂಲುಗಳನ್ನು ಹೊರಗಿನ ಮಣ್ಣಿಗೆ ಚಾಚುತ್ತದೆ. ಆ ನೂಲು ತಲೆಕೂದಲಿಗಿಂತ ಎಷ್ಟೋ ಸಣ್ಣದು. ಬೇರಿನ ರೋಮಗಳು ಮಣ್ಣಿನಲ್ಲಿ ಹೆಚ್ಚೆಂದರೆ ಒಂದೆರಡು ಮಿಲಿಮೀಟರ್ ದೂರ ಹೋಗುತ್ತವೆ. ಈ ನೂಲು ಹಲವಾರು ಸೆಂಟಿಮೀಟರ್ ದೂರಕ್ಕೆ ಹೋಗಿ, ಬೇರು ನುಗ್ಗಲಾರದ ಮಣ್ಣಿನ ಸಂದುಗೊಂದುಗಳಿಂದ ಬೇಕಾದ್ದನ್ನು ತಂದು ಕೊಡುತ್ತದೆ. ಮುಖ್ಯವಾಗಿ ತರುವುದು ರಂಜಕ, ಅಂದರೆ ನಾವು ಸೂಪರ್ ಫಾಸ್ಫೇಟ್, ಡಿ.ಎ.ಪಿ. ಎಂದು ಹಾಕುವ ಗೊಬ್ಬರದಲ್ಲಿರುವ ಸತ್ವ. ಜೊತೆಗೆ ಸತು, ಒಂದಿಷ್ಟು ನೀರು. ಪ್ರತಿಯಾಗಿ ಗಿಡ ತನ್ನ ಎಲೆಯಲ್ಲಿ ಅಡುಗೆ ಮಾಡಿದ ಸಕ್ಕರೆಯಲ್ಲಿ ಇದಕ್ಕೂ ಒಂದು ಪಾಲು ಬಡಿಸುತ್ತದೆ. ಕೊಡು-ಕೊಳ್ಳುವ ಸಂಬಂಧ, ಪುಕ್ಕಟೆ ಯಾರದ್ದೂ ಇಲ್ಲ.

ರಂಜಕವನ್ನು ಇಷ್ಟು ಕಷ್ಟಪಟ್ಟು ತರಿಸಿಕೊಳ್ಳಬೇಕೇ ಎಂದು ನೀವು ಕೇಳಬಹುದು. ಯೂರಿಯಾ ನೀರಿನೊಂದಿಗೆ ಹರಿದು ಬೇರಿನ ಬಾಗಿಲಿಗೇ ಬರುತ್ತದೆ. ರಂಜಕ ಹಾಗಲ್ಲ, ಕೂತಲ್ಲೇ ಕೂರುವ ಜಾತಿ. ಅದರಲ್ಲೂ ನಮ್ಮ ಕೆಂಪು ಮಣ್ಣಿನಲ್ಲಿ, ಮಲೆನಾಡು-ಕರಾವಳಿಯ ಜಂಬಿಟ್ಟಿಗೆ ಮಣ್ಣಿನಲ್ಲಿ, ಕಬ್ಬಿಣದ ಅಂಶ ಹೆಚ್ಚು. ಅದು ರಂಜಕವನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ. ಮಣ್ಣಿನಲ್ಲಿ ಇದ್ದೂ ಗಿಡಕ್ಕೆ ಸಿಗದು. ಬೇರು ತನ್ನ ಸುತ್ತಲಿನ ಅಷ್ಟಿಷ್ಟನ್ನು ಹೀರಿ ಮುಗಿಸಿತೆಂದರೆ ಮುಂದಿನದು ತಾನಾಗಿ ಹತ್ತಿರ ಬರುವುದಿಲ್ಲ. ಆಗ ಬೇಕು ನೋಡಿ, ದೂರ ಹೋಗಿ ತರುವವರು.

ಇದರ ಶಾಸ್ತ್ರೀಯ ಹೆಸರು ಮೈಕೊರೈಜಾ. ಗ್ರೀಕ್ ಭಾಷೆಯಲ್ಲಿ ಅಣಬೆ ಮತ್ತು ಬೇರು ಎಂಬ ಎರಡು ಮಾತು ಸೇರಿಸಿ ಮಾಡಿದ ಹೆಸರು. 1885ರಲ್ಲಿ ಜರ್ಮನಿಯ ಫ್ರಾಂಕ್ ಎಂಬ ಸಸ್ಯವಿಜ್ಞಾನಿ ಇಟ್ಟದ್ದು. ಅದರ ಹಿಂದಿನ ಕಥೆ ನಮ್ಮ ಪತ್ರಿಕೆಗೆ ತಕ್ಕದ್ದೇ. ಯೂರೋಪಿನಲ್ಲಿ ಟ್ರಫಲ್ ಎಂಬ ನೆಲದೊಳಗಿನ ಅಣಬೆ ಇದೆ, ಚಿನ್ನದ ಬೆಲೆ. ಅದನ್ನು ಬೇಸಾಯ ಮಾಡಿ ಬೆಳೆಯಲಾದೀತೇ ನೋಡಪ್ಪಾ ಎಂದು ಅಲ್ಲಿನ ಸರ್ಕಾರ ಫ್ರಾಂಕ್‌ಗೆ ಹೇಳಿತ್ತು. ಬೇಸಾಯ ಕೈಗೂಡಲಿಲ್ಲ, ಆದರೆ ಮರದ ಬೇರೂ ಬೂಷ್ಟೂ ಕೂಡಿ ಬಾಳುವ ಗುಟ್ಟು ಬಯಲಾಯಿತು. ಊಟದ ಆಸೆಯಿಂದ ಹುಟ್ಟಿದ ವಿಜ್ಞಾನ ಅನ್ನಿ!

ನಮ್ಮ ತರಕಾರಿ, ಹಣ್ಣಿನ ಗಿಡಗಳ ಬೇರಿನಲ್ಲಿರುವ ಬಗೆಯನ್ನು ಜಗತ್ತಿಗೆ ಪರಿಚಯ ಮಾಡಿಸಿದವರಲ್ಲಿ ಮುಂದಿನ ಸಾಲಿನವರು ಒಬ್ಬ ಹೆಂಗಸು. ಇಂಗ್ಲೆಂಡಿನ ಬಾರ್ಬರಾ ಮಾಸ್. 1953ರಲ್ಲಿ ಸ್ಟ್ರಾಬೆರಿ ಗಿಡದ ಬೇರಿಗಂಟಿದ ಈ ಶಿಲೀಂಧ್ರದ ಬೀಜಕಣಗಳ ಬಗ್ಗೆ ಬರೆದರು. ಆಮೇಲೆ ಅದರ ಒಂದು ಜಾತಿಗೆ ಅವರ ಹೆಸರನ್ನೇ ಇಟ್ಟರು, 'ಮಾಸಿಯೆ' ಎಂದು. ಇವತ್ತಿಗೂ ಎಷ್ಟೋ ಪೊಟ್ಟಣಗಳ ಮೇಲೆ ಆ ಹೆಸರು ಇರುತ್ತದೆ. ಗೊಬ್ಬರದ ಪೊಟ್ಟಣದ ಮೇಲೆ ಹೆಂಗಸಿನ ಚಿತ್ರ ಅಚ್ಚು ಹಾಕುವುದನ್ನು ಕಂಡಿದ್ದೇವೆ, ವಿದ್ಯೆಯಿಂದ ಸಂಪಾದಿಸಿದ ಹೆಸರು ಅಚ್ಚಾಗಿರುವುದು ಅಪರೂಪ ಅಲ್ಲವೇ?

ನಮ್ಮಲ್ಲೂ ಇದರ ಕೆಲಸ ಕಡಿಮೆಯೇನಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಡಾ. ಡಿ. ಜೆ. ಭಾಗ್ಯರಾಜ್ ಅವರೂ ಅವರ ಶಿಷ್ಯರೂ ಇದರ ಮೇಲೆ ದಶಕಗಳ ಕಾಲ ದುಡಿದಿದ್ದಾರೆ. 1982ರಲ್ಲೇ ಅವರು ಮೆಣಸಿನಕಾಯಿ ಸಸಿಗಳಿಗೆ ಒಟ್ಲಿನಲ್ಲಿರುವಾಗಲೇ ಈ ಶಿಲೀಂಧ್ರ ಕೊಟ್ಟು, ಆಮೇಲೆ ಹೊಲಕ್ಕೆ ನೆಟ್ಟು ನೋಡಿದ್ದರು. ಬೆಳೆ ಹೆಚ್ಚಿತು, ರಂಜಕದ ಗೊಬ್ಬರದಲ್ಲೂ ಉಳಿತಾಯವಾಯಿತು. ಒಟ್ಲಿನಲ್ಲಿರುವಾಗಲೇ ಎಂಬ ಮಾತನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ವ್ಯಾಮ್ ಎಂಬುದು ಉದ್ದನೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು. ಈಗ ವಿಜ್ಞಾನಿಗಳು ಒಂದಕ್ಷರ ಬಿಟ್ಟು ಎ.ಎಂ. ಎನ್ನುತ್ತಾರೆ. ಅಂಗಡಿಯಲ್ಲಿ ವ್ಯಾಮ್ ಎಂದೇ ಕೇಳಿ, ಕೊಡುತ್ತಾರೆ.

ಇನ್ನು ಬಹಳ ಜನ ಎಡವುವ ಜಾಗಕ್ಕೆ ಬರೋಣ. ನಮಗೆಲ್ಲ ಹೆಪ್ಪಿನ ಲೆಕ್ಕ ಗೊತ್ತು. ಒಂದು ಚಮಚ ಮಜ್ಜಿಗೆ ಬಿಟ್ಟರೆ ಒಂದು ಪಾತ್ರೆ ಹಾಲು ಬೆಳಗಾಗುವಷ್ಟರಲ್ಲಿ ಮೊಸರಾಗುತ್ತದೆ. ಟ್ರೈಕೋಡರ್ಮ ಎಂಬ ಇನ್ನೊಂದು ಒಳ್ಳೆಯ ಬೂಷ್ಟಿದೆ, ಅದಕ್ಕೂ ಇದೇ ಲೆಕ್ಕ. ತೇವದ ಕೊಟ್ಟಿಗೆ ಗೊಬ್ಬರಕ್ಕೆ ಸ್ವಲ್ಪ ಬೆರೆಸಿ ನೆರಳಿನಲ್ಲಿಟ್ಟರೆ ಹೆಚ್ಚಿಕೊಳ್ಳುತ್ತದೆ. ಆದ್ದರಿಂದ ವ್ಯಾಮ್ ಪೊಟ್ಟಣವನ್ನೂ ಬೆಲ್ಲದ ನೀರಿನಲ್ಲೋ, ಸಗಣಿ ಗೊಬ್ಬರದಲ್ಲೋ ಕಲಸಿ, ವಾರ ಇಟ್ಟು, ಒಂದನ್ನು ಹತ್ತು ಮಾಡಿಕೊಂಡೆವು ಎಂದು ಕೆಲವರು ಹಿಗ್ಗುತ್ತಾರೆ. ಬೇಡವೇ ಬೇಡ. ಇದು ಬೆಲ್ಲಕ್ಕೂ ಬೆಳೆಯದು, ಸಗಣಿಗೂ ಬೆಳೆಯದು. ಜೀವಂತ ಬೇರು ಸಿಕ್ಕಿದರೆ ಮಾತ್ರ ಇದರ ಸಂಸಾರ. ಬೆಲ್ಲದ ನೀರಿನಲ್ಲಿ ವಾರದ ಮೇಲೆ ನೊರೆ ಎದ್ದು ಹೆಚ್ಚಿರುವುದು ಬೇರೆ ಯಾವುದೋ ಜೀವಿ. ಹಾಗೆಯೇ, ಚೀಲದ ಮಣ್ಣಿನಲ್ಲಿ ಬೆಳ್ಳಗೆ ಹತ್ತಿಯಂತೆ ಕಂಡದ್ದನ್ನು ತೋರಿಸಿ "ನೋಡಿ ವ್ಯಾಮ್ ಹೇಗೆ ಹಬ್ಬಿದೆ" ಎನ್ನುವವರಿಗೆ ನಗುನಗುತ್ತಾ ಕೈಮುಗಿದು ಬನ್ನಿ. ಅದು ಕಸ ಕೊಳೆಸುವ ಬೂಷ್ಟು. ವ್ಯಾಮ್ ಹಿಡಿದ ಬೇರೂ ಹಿಡಿಯದ ಬೇರೂ ಬರಿಗಣ್ಣಿಗೆ ಒಂದೇ ಥರ. ಪ್ರಯೋಗಶಾಲೆಯವರು ಬೇರನ್ನು ಬೇಯಿಸಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಿದರೇನೇ ಗೊತ್ತಾಗುವುದು.

ಸರಿ, ಇದು ನಮ್ಮ ಮಣ್ಣಿನಲ್ಲಿ ಮೊದಲೇ ಇಲ್ಲವೇ? ಇದೆ, ಬಹುಮಟ್ಟಿಗೆ ಎಲ್ಲ ಕಡೆ ಇದೆ. ನಿಮ್ಮ ಹಿತ್ತಲಿನಲ್ಲಿ ವರ್ಷಗಳಿಂದ ಕರಿಬೇವು, ನಿಂಬೆ, ಬಾಳೆ, ದಾಸವಾಳ ನೆಮ್ಮದಿಯಾಗಿದ್ದರೆ ಅಲ್ಲಿ ಈ ನೂಲಿನ ಬಲೆ ಹರಡಿಕೊಂಡೇ ಇರುತ್ತದೆ. ಅಂಥ ಕಡೆ ಪೊಟ್ಟಣ ಸುರಿಯುವುದು ಮದುವೆ ಮನೆಗೆ ಬುತ್ತಿ ಕಟ್ಟಿಕೊಂಡು ಹೋದಂತೆ. ನಾನಂತೂ ನೆಲದ ತೋಟದವರಿಗೆ ಕೊಳ್ಳಿ ಎಂದು ಹೇಳುವುದಿಲ್ಲ. ಇದ್ದದ್ದನ್ನು ಕೊಲ್ಲದಿದ್ದರೆ ಸಾಕು.

ಅದನ್ನು ಕೊಲ್ಲುವುದು ಹೇಗೆ? ಮೂರು ದಾರಿ ನನಗೆ ತೋರುತ್ತದೆ. ಮೊದಲನೆಯದು ಅತಿ ಉಪಚಾರ. ಗುಲಾಬಿ ಕುಂಡಕ್ಕೆ ಹದಿನೈದು ದಿನಕ್ಕೊಮ್ಮೆ ಚಮಚ ಚಮಚ ಡಿ.ಎ.ಪಿ. ಹಾಕುವ ಅಭ್ಯಾಸ ನಮ್ಮ ಅನೇಕರಿಗಿದೆ. ರಂಜಕ ಬಾಯಿಗೇ ಬಂದು ಬಿದ್ದರೆ ಗಿಡಕ್ಕೆ ಈ ನೆಂಟನ ಹಂಗೇಕೆ? ಅಂಗಡಿಯೇ ಮನೆಬಾಗಿಲಿಗೆ ಬಂದ ಮೇಲೆ ಪೇಟೆಗೆ ಕಳಿಸುವ ಹುಡುಗನಿಗೆ ಯಾರಾದರೂ ಕೂಲಿ ಕೊಡುತ್ತಾರೆಯೇ? ಗಿಡ ಸಕ್ಕರೆ ಕೊಡುವುದನ್ನು ಕಡಿಮೆ ಮಾಡುತ್ತದೆ, ಶಿಲೀಂಧ್ರ ಸೊರಗುತ್ತದೆ. ಒಂದು ಕೈಯಲ್ಲಿ ವ್ಯಾಮ್, ಇನ್ನೊಂದು ಕೈಯಲ್ಲಿ ಡಿ.ಎ.ಪಿ. ಹಿಡಿದು ಎರಡನ್ನೂ ಒಟ್ಟಿಗೆ ಹಾಕುವವರು ಎರಡರ ದುಡ್ಡನ್ನೂ ಕಳೆದುಕೊಂಡಂತೆಯೇ. ಎರಡನೆಯದು ಬೂಷ್ಟುನಾಶಕ ಔಷಧಿ. ಕಾರ್ಬೆಂಡೆಜಿಂ ಜಾತಿಯ ಔಷಧಿಯನ್ನು ಬುಡಕ್ಕೆ ಸುರಿದರೆ ಅದಕ್ಕೆ ಒಳ್ಳೆಯವ, ಕೆಟ್ಟವ ಎಂಬ ಭೇದ ತಿಳಿಯುತ್ತದೆಯೇ?

ಮೂರನೆಯದು ಬರಿ ನೆಲ. ಬೇರಿಲ್ಲದೆ ಬದುಕದ ಜೀವಿ ಎಂದೆನಲ್ಲ, ನೆಲವನ್ನು ತಿಂಗಳುಗಟ್ಟಲೆ ಒಂದು ಹುಲ್ಲೂ ಇಲ್ಲದಂತೆ ಕೆರೆದು ಗುಡಿಸಿಟ್ಟರೆ ಅದು ಕ್ಷೀಣಿಸುತ್ತದೆ. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ಪ್ರಾಂತದಲ್ಲಿ ರೈತರು ಮಣ್ಣಿನಲ್ಲಿ ನೀರು ಕೂಡಲಿ ಎಂದು ಹೊಲವನ್ನು ಒಂದು ವರ್ಷಕ್ಕೂ ಮೇಲ್ಪಟ್ಟು ಬೀಳು ಬಿಡುತ್ತಿದ್ದರು. ಆಮೇಲೆ ಬಿತ್ತಿದರೆ, ನೀರಿದ್ದೂ ಬೆಳೆ ಕುಳ್ಳಾಗಿ, ರಂಜಕ ಮತ್ತು ಸತುವಿನ ಕೊರತೆಯಿಂದ ನರಳುತ್ತಿತ್ತು. ಯಾಕೆಂದು ಹುಡುಕಿ ನೋಡಿದಾಗ, ಬೀಳು ಬಿಟ್ಟ ಕಾಲದಲ್ಲಿ ಬೇರಿನ ಈ ಶಿಲೀಂಧ್ರ ಬಡವಾಗಿ ಹೋದದ್ದು ಕಂಡುಬಂತು. ನಮ್ಮ ಹಳೆಮೈಸೂರಿನ ಕಡೆ ರಾಗಿಯ ನಡುವೆ ಅಕ್ಕಡಿ ಸಾಲು ಹಾಕುತ್ತಾರಲ್ಲ, ರಾಗಿ ಕೊಯ್ದ ಮೇಲೂ ಅವರೆ, ತೊಗರಿ ನಿಂತಿರುತ್ತವೆ. ಹಿರಿಯರು ಬೂಷ್ಟು ನೋಡಿ ಹಾಕಿದ್ದಲ್ಲ, ಊಟಕ್ಕೆ ಬೇಳೆ ಬೇಕೆಂದು ಹಾಕಿದ್ದು. ಆದರೂ ನೆಲದೊಳಗೆ ಯಾವಾಗಲೂ ಒಂದು ಜೀವಂತ ಬೇರು ಉಳಿಯುತ್ತಿತ್ತು.

ಹಿತ್ತಲಿನವರಿಗೆ ಇನ್ನೊಂದು ಮಾತು. ಎಲ್ಲ ಗಿಡಕ್ಕೂ ಈ ನೆಂಟಸ್ತನ ಇಲ್ಲ. ಸಾಸಿವೆಯ ಕುಲಕ್ಕೆ ಇದು ಒಗ್ಗದು: ಎಲೆಕೋಸು, ಹೂಕೋಸು, ನವಿಲುಕೋಸು, ಮೂಲಂಗಿ ಎಲ್ಲ ಆ ಮನೆತನದವೇ. ಪಾಲಕ್, ಬೀಟ್‌ರೂಟ್ ಕೂಡ ಹಾಗೇ, ದಂಟು-ಹರಿವೆಯೂ ಬಹುಮಟ್ಟಿಗೆ ಹಾಗೇ. ಇವಕ್ಕೆ ವ್ಯಾಮ್ ಹಾಕಿದರೆ ಹಣ ಮಣ್ಣಿಗೆ ಹಾಕಿದಂತೆ, ಅಕ್ಷರಶಃ! ಇವು ತಾವಾಗಿ ಚೆನ್ನಾಗಿಯೇ ಬೆಳೆದುಕೊಳ್ಳುತ್ತವೆ, ಚಿಂತೆ ಬೇಡ. ಅದೇ ಈರುಳ್ಳಿ, ಬೆಳ್ಳುಳ್ಳಿ ನೋಡಿ. ಕಿತ್ತು ಬೇರು ನೋಡಿದ್ದೀರಲ್ಲ, ದಪ್ಪ ದಾರದ ಹಾಗೆ, ರೋಮವೇ ಇಲ್ಲದಷ್ಟು ಬೋಳು. ಅಂಥವಕ್ಕೆ ಈ ನೂಲಿನ ನೆರವು ಬಹಳ. ಕಿತ್ತಳೆ-ನಿಂಬೆ ಜಾತಿ, ಮುಸುಕಿನ ಜೋಳ, ಮೆಣಸಿನಕಾಯಿ, ಬದನೆ, ಟೊಮೇಟೊ, ಹುರುಳಿ-ಅಲಸಂದೆ, ಪಪ್ಪಾಯಿ, ಬಾಳೆ, ಕಾಳುಮೆಣಸು ಇವೆಲ್ಲ ಇದನ್ನು ಕರೆದು ಕೂರಿಸಿಕೊಳ್ಳುವ ಗಿಡಗಳು. ಕೋಸು ಕಿತ್ತ ಮಡಿಯಲ್ಲಿ ಮತ್ತೆ ಮೂಲಂಗಿ, ಅದಾದ ಮೇಲೆ ಪಾಲಕ್ ಎಂದು ವರ್ಷವಿಡೀ ಹಾಕಬೇಡಿ. ನಡುವೆ ಒಂದು ಸಾಲು ಅಲಸಂದೆಯೋ ಜೋಳವೋ ಇರಲಿ.

ಹಾಗಾದರೆ ಕೊಂಡು ಹಾಕಬೇಕಾದ್ದು ಎಲ್ಲಿ? ಈ ಜೀವಿ ಇಲ್ಲದ ಮಣ್ಣಿಗೆ. ತೆಂಗಿನ ನಾರಿನ ಪುಡಿ, ಎರೆಗೊಬ್ಬರ ಕಲಸಿ ಮಾಡಿದ ತಾರಸಿ ಕುಂಡಕ್ಕೆ ಅದು ಎಲ್ಲಿಂದ ಬರಬೇಕು? ಮನೆ ಕಟ್ಟುವಾಗ ಆಳದಿಂದ ತೋಡಿ ಮೇಲೆ ಹರಡಿದ ಮಣ್ಣಿನಲ್ಲೂ ಕಡಿಮೆ. ಮತ್ತೆ, ರೋಗ ಹೋಗಲಿ ಎಂದು ಕಾಯಿಸಿದ ಅಥವಾ ಔಷಧಿ ಕೊಟ್ಟ ನರ್ಸರಿ ಮಣ್ಣು. ಅಮೆರಿಕದ ಕಿತ್ತಳೆ ನರ್ಸರಿಗಳಲ್ಲಿ ಇದೇ ಆದದ್ದು. ರೋಗ ಬಾರದಿರಲೆಂದು ಮಣ್ಣಿಗೆ ವಿಷದ ಹೊಗೆ ಕೊಟ್ಟು ಶುದ್ಧ ಮಾಡಿದರು. ಆ ಶುದ್ಧವಾದ ಮಣ್ಣಿನಲ್ಲೇ ಸಸಿ ಕುಳ್ಳಾಗಿ, ಹಳದಿಯಾಗಿ ನಿಂತುಬಿಟ್ಟವು! ವಿಷ ಉಳಿದಿದೆ ಎಂದುಕೊಂಡಿದ್ದರು. ಹೊಗೆಯಲ್ಲಿ ಬೇರಿನ ಶಿಲೀಂಧ್ರವೂ ಸತ್ತದ್ದೇ ಕಾರಣವೆಂದು 1972ರಲ್ಲಿ ಅಲ್ಲಿನ ವಿಜ್ಞಾನಿಗಳು ತೋರಿಸಿಕೊಟ್ಟರು.

ಈಗ ಮೆಣಸಿನ ಬಳ್ಳಿಯ ಸೋದರಿಗೆ. ನೋಡಿ ತಾಯಿ, ಮೊದಲು ಪೊಟ್ಟಣದ ಯೋಚನೆ ಬಿಟ್ಟು, ಹೋದ ಸಲ ಸತ್ತ ಬಳ್ಳಿ ಇನ್ನೂ ಎಲ್ಲಾದರೂ ಇದ್ದರೆ, ಅಥವಾ ಈಗ ಸೊರಗುತ್ತಿರುವುದು ಇದ್ದರೆ, ಒಂದನ್ನು ಮೆಲ್ಲನೆ ಕಿತ್ತು ಬೇರು ತೊಳೆದು ನೋಡಿ. ಬೇರು ಕಂದಾಗಿ, ಹಿಸುಕಿದರೆ ಸಿಪ್ಪೆ ಜಾರಿ ಬರುವ ಹಾಗಿದ್ದರೆ ಅದು ಕೊಳೆರೋಗ. ನೀರು ನಿಲ್ಲುವ ಚೀಲ, ನೀರು ನಿಲ್ಲುವ ಗುಣಿ, ರೋಗದ ತೋಟದಿಂದ ತಂದ ಬಳ್ಳಿ ಅಥವಾ ಮಣ್ಣು ಇದಕ್ಕೆ ಕಾರಣ. ಸೊರಗು ರೋಗ ಹಿಡಿದ ಬಳ್ಳಿಗೆ ವ್ಯಾಮ್ ಔಷಧಿಯಲ್ಲ. ಚೀಲದ ತಳಕ್ಕೆ ಸಾಕಷ್ಟು ತೂತು ಮಾಡುವುದು, ನೀರು ಅಳೆದು ಹಾಕುವುದು, ಆರೋಗ್ಯವಾದ ತಾಯಿಬಳ್ಳಿಯಿಂದಲೇ ತುಂಡು ತೆಗೆಯುವುದು, ಇವು ಮೊದಲು. ಇದಕ್ಕೆ ಖರ್ಚೂ ಇಲ್ಲ. ಬೇರು ಬೆಳ್ಳಗೆ ಗಟ್ಟಿಯಾಗಿದ್ದು, ಆದರೆ ಎಳೆಂಟು ಎಳೆ ಮಾತ್ರ ಇದ್ದು, ಹೊಸ ಮಣ್ಣಿಗೆ ಕಾಲು ಚಾಚದೆ ಚೀಲದ ಆಕಾರದಲ್ಲೇ ಮುದುಡಿ ಕೂತಿದ್ದರೆ ಆಗ ವ್ಯಾಮ್‌ನ ಮಾತಿಗೆ ಅರ್ಥವಿದೆ.

ಕಲ್ಲಿಕೋಟೆಯಲ್ಲಿ ಮಸಾಲೆ ಬೆಳೆಗಳಿಗೆಂದೇ ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆಯಿದೆ. ಮೆಣಸಿನ ನರ್ಸರಿಗೆ ಅವರು ಹೇಳುವ ಕ್ರಮ ನಮ್ಮ ಕೈಗೆಟುಕುವಂಥದ್ದು. ಎರಡು ಪಾಲು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಕಳಿತ ಕೊಟ್ಟಿಗೆ ಗೊಬ್ಬರ ಕಲಸಿ, ಚೆನ್ನಾಗಿ ಬಿಸಿಲು ಬೀಳುವ ಬಯಲಿನಲ್ಲಿ ದಪ್ಪನಾಗಿ ಹರಡಿ, ನೀರು ಚಿಮುಕಿಸಿ, ಮೇಲೆ ತೆಳ್ಳನೆಯ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚಿಗೆ ಮಣ್ಣು ಒತ್ತಿ ಸುಮಾರು 45 ದಿನ ಬಿಡುವುದು. ಕಪ್ಪು ಹಾಳೆ ಬೇಡ, ಬಿಸಿಲು ಒಳಗೆ ಇಳಿಯಬೇಕು. ಒಳಗೆ ಶಾಖ ಏರಿ ರೋಗದ ಜೀವಿಗಳು ಸಾಯುತ್ತವೆ, ಕಳೆಯ ಬೀಜವೂ ಸಾಯುತ್ತದೆ. ಒಳ್ಳೆಯವೂ ಬಹುಪಾಲು ಹೋಗುತ್ತವೆ. ಆದ್ದರಿಂದಲೇ ಈ ಮಣ್ಣನ್ನು ಚೀಲಕ್ಕೆ ತುಂಬುವಾಗ ವ್ಯಾಮ್ ಮತ್ತು ಟ್ರೈಕೋಡರ್ಮ ಎರಡನ್ನೂ ಸೇರಿಸಿ ಎನ್ನುತ್ತಾರೆ. ಖಾಲಿಯಾದ ಮನೆಗೆ ಕಳ್ಳರು ಬರುವ ಮೊದಲು ಒಳ್ಳೆಯ ಬಾಡಿಗೆದಾರರನ್ನು ಕೂರಿಸಿದ ಹಾಗೆ.

ಹಾಕುವ ಹೊತ್ತು, ಹಾಕುವ ಜಾಗ ಎರಡೂ ಮುಖ್ಯ. ತುಂಡು ನೆಡುವ ದಿನವೇ ಹಾಕಬೇಕು, ಮಾರುವ ಹಿಂದಿನ ವಾರ ಅಲ್ಲ. ಬೇರಿನೊಳಗೆ ನೆಲೆಯೂರಲು ಇದಕ್ಕೆ ಮೂರು ನಾಲ್ಕು ವಾರವಾದರೂ ಬೇಕು. ಮೇಲೆ ಉದುರಿಸಿದರೆ ಪ್ರಯೋಜನ ಕಡಿಮೆ. ಚೀಲದ ಮಣ್ಣಿನಲ್ಲಿ ಗುಳಿ ಮಾಡಿ, ಒಂದೆರಡು ಟೀ ಚಮಚ ಪುಡಿಯನ್ನು ಗುಳಿಯೊಳಗೆ ಹಾಕಿ, ಬೇರು ಹುಟ್ಟುವ ಗೆಣ್ಣು ಅದರ ಮೇಲೇ ಕೂರುವಂತೆ ತುಂಡು ನೆಡಿ. ಬೀಜ ಬಿತ್ತುವವರು ಬೀಜದ ಕೆಳಗೆ ತೆಳ್ಳನೆಯ ಪದರ ಹರಡಿದರಾಯಿತು. ಕೆಲವರು ನೀರಿನಲ್ಲಿ ಕಲಸಿ, ತೂಬು ಕಟ್ಟದಿರಲೆಂದು ಬಟ್ಟೆಯಲ್ಲಿ ಸೋಸಿ ಹಾಕುತ್ತಾರೆ. ಇದರ ಬೀಜಕಣ ಸಣ್ಣ ಮರಳಿನಷ್ಟು ಗಾತ್ರದ್ದು, ಜೊತೆಗೆ ಬೇರಿನ ಚೂರುಗಳಲ್ಲೂ ಜೀವ ಇರುತ್ತದೆ. ಬಟ್ಟೆಯಲ್ಲಿ ಉಳಿದ ಚರಟದಲ್ಲೇ ಸರಕೆಲ್ಲ ಉಳಿದು, ಗಿಡಕ್ಕೆ ಬಣ್ಣದ ನೀರಷ್ಟೇ ಸಿಕ್ಕೀತು.

ಪೊಟ್ಟಣ ಕೊಳ್ಳುವಾಗ ತಯಾರಾದ ದಿನ, ಅವಧಿ ಮುಗಿಯುವ ದಿನ ಓದಿ. ಸರ್ಕಾರದ ಗೊಬ್ಬರ ನಿಯಂತ್ರಣ ಆದೇಶದಲ್ಲಿ ಇದಕ್ಕೂ ಅಳತೆಯಿದೆ, ಒಂದು ಗ್ರಾಮಿಗೆ ಜೀವವಿರುವ ಕಣ ಕನಿಷ್ಠ 100 ಇರಬೇಕು. ಆ ಲೆಕ್ಕ ಬರೆದಿಲ್ಲದ ಪೊಟ್ಟಣ, ಬಿಸಿಲಿಗೆ ಇಟ್ಟ ಪೊಟ್ಟಣ ಬೇಡ. ಕೃಷಿ ವಿಶ್ವವಿದ್ಯಾಲಯಗಳಲ್ಲಿ, ಕೆಲವು ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಜೈವಿಕ ಗೊಬ್ಬರ ಸಿಗುತ್ತದೆ, ಮೊದಲು ಅಲ್ಲಿ ವಿಚಾರಿಸಿ. ಆಮೇಲೂ ಎಲ್ಲ ಚೀಲಕ್ಕೂ ಒಂದೇ ಸಲ ಸುರಿಯಬೇಡಿ. ಒಂದು ಸಾಲು ಹಾಕಿ, ಪಕ್ಕದ ಸಾಲು ಹಾಕದೆ ಬಿಡಿ. ಹಾಕಿದ್ದಕ್ಕೆ ಹಳೆ ಸೀರೆಯ ಚೂರು ಕಟ್ಟಿ ಗುರುತು ಮಾಡಿ. ಮಣ್ಣು, ನೀರು, ನೆರಳು ಎರಡಕ್ಕೂ ಒಂದೇ ಇರಲಿ. ಎರಡು ತಿಂಗಳ ಮೇಲೆ ಎರಡೂ ಸಾಲಿನಿಂದ ಒಂದೈದು ಕಿತ್ತು ಬೇರು ತೊಳೆದು ಪಕ್ಕಪಕ್ಕ ಇಟ್ಟು ನೋಡಿ. ವ್ಯತ್ಯಾಸ ಕಾಣದಿದ್ದರೆ ನಿಮ್ಮ ಮಣ್ಣಿಗೆ ಅದು ಬೇಕಿಲ್ಲ, ಇಲ್ಲಾ ಪೊಟ್ಟಣದಲ್ಲಿ ಜೀವವಿಲ್ಲ. ಎರಡರಲ್ಲಿ ಯಾವುದಾದರೂ ಮುಂದಿನ ಸಲದ ಹಣ ಉಳಿಯಿತಲ್ಲ.

ಒಂದು ಪೊಟ್ಟಣ ಒಳ್ಳೆಯದೆಂದು ಗೊತ್ತಾದರೆ ಪ್ರತಿ ವರ್ಷ ಕೊಳ್ಳಬೇಕಾಗಿಯೂ ಇಲ್ಲ. ಮನೆಯಲ್ಲೇ ಹೆಚ್ಚಿಸಿಕೊಳ್ಳಬಹುದು, ಬೆಲ್ಲದಲ್ಲಲ್ಲ, ಬೇರಿನಲ್ಲಿ. ಒಂದು ಅಗಲವಾದ ಕುಂಡಕ್ಕೆ ಹಾಗೆ ಬಿಸಿಲಿನಲ್ಲಿ ಕಾಯಿಸಿದ ಮಣ್ಣು, ತೊಳೆದ ಮರಳು ಸಮಸಮ ತುಂಬಿ. ಇದಕ್ಕೆ ಗೊಬ್ಬರ ಸೇರಿಸಬೇಡಿ, ಮಣ್ಣು ಬಡವಾಗಿದ್ದಷ್ಟೂ ಗಿಡ ಶಿಲೀಂಧ್ರವನ್ನು ಕರೆಯುತ್ತದೆ. ಎರಡಂಗುಲ ಆಳದಲ್ಲಿ ವ್ಯಾಮ್ ಪುಡಿ ಹರಡಿ, ಮೇಲೆ ಮಣ್ಣು ಮುಚ್ಚಿ, ರಾಗಿ ಅಥವಾ ಜೋಳ ಒತ್ತಾಗಿ ಬಿತ್ತಿ. ಮೂರು ತಿಂಗಳು ನೀರು ಹಾಕಿ ಬೆಳೆಸಿ. ಆಮೇಲೆ ಹತ್ತು ಹದಿನೈದು ದಿನ ನೀರು ನಿಲ್ಲಿಸಿಬಿಡಿ. ಮನೆಯವರು ಪೈರು ಒಣಗಿತಲ್ಲೇ ಎಂದು ಕೂಗಾಡಿದರೂ ಕಿವಿಗೆ ಹಾಕಿಕೊಳ್ಳಬೇಡಿ. ಊಟ ನಿಂತು ಹೋಗುವ ಸುಳಿವು ಸಿಕ್ಕಾಗ ಶಿಲೀಂಧ್ರ ಮುಂದಿನ ಕಾಲಕ್ಕೆಂದು ಬೀಜಕಣ ಕಟ್ಟಿಕೊಳ್ಳುತ್ತದೆ. ಪೈರನ್ನು ಬುಡಕ್ಕೆ ಕೊಯ್ದು, ಬೇರನ್ನು ಸಣ್ಣಗೆ ಕತ್ತರಿಸಿ, ಅದೇ ಮಣ್ಣಿಗೆ ಬೆರೆಸಿ, ನೆರಳಿನಲ್ಲಿ ಆರಿಸಿ ಬಟ್ಟೆ ಚೀಲದಲ್ಲಿ ಕಟ್ಟಿಡಿ. ಬೇರಿನ ಚೂರು ಕೂಡಿದ ಆ ಮಣ್ಣೇ ನಿಮ್ಮ ವ್ಯಾಮ್. ಬರುವ ಹಂಗಾಮಿನೊಳಗೆ ಬಳಸಿಬಿಡಿ.

ಪೊಟ್ಟಣವೂ ಇಲ್ಲದೆ, ಹಳೆಯ ಬೇಲಿಯ ಬುಡದ ಅಥವಾ ಆರೋಗ್ಯವಾದ ಹಣ್ಣಿನ ಮರದ ಕೆಳಗಿನ ಮಣ್ಣನ್ನು, ಎಳೆ ಬೇರಿನ ಸಮೇತ ಒಂದು ಬೊಗಸೆ ತಂದು ಹೀಗೇ ರಾಗಿಯಲ್ಲಿ ಬೆಳೆಸುವವರೂ ಇದ್ದಾರೆ. ತಾರಸಿಯ ನಾಲ್ಕು ಕುಂಡಕ್ಕೆ ಇದು ಧಾರಾಳ ಸಾಕು. ಮಾರುವ ಬಳ್ಳಿಗೆ ಮಾತ್ರ ಕೂಡದು. ಹೊರಗಿನ ಮಣ್ಣಿನ ಜೊತೆ ಯಾವ ಸೊರಗು ರೋಗ, ಯಾವ ಜಂತುಹುಳು ಬಂದಿದೆಯೋ ಯಾರು ಬಲ್ಲರು? ನಮ್ಮ ಮನೆಯ ಗಿಡ ಸತ್ತರೆ ನಮ್ಮದೇ ನಷ್ಟ. ಮಾರಿದ ಚೀಲದ ಜೊತೆ ರೋಗ ಇನ್ನೊಬ್ಬರ ತೋಟಕ್ಕೆ ಹೋದರೆ ಸಂಘದ ಹೆಸರೇ ಹೋಗುತ್ತದೆ.

ಮಂಗಳೂರು-ಉಡುಪಿಯ ಕಡೆಯವರು ಇಷ್ಟು ಓದಿ, ಮೊದಲ ಮಳೆಗೆ ಸಿಗುವ ಕಲ್ಲಣಬೆಯನ್ನೂ ಹೀಗೇ ಕುಂಡದಲ್ಲಿ ಬೆಳೆಯಬಹುದೇ ಎಂದು ಕೇಳುತ್ತೀರೆಂದು ನನಗೆ ಗೊತ್ತು. ಅದೂ ಬೇರಿನ ನಂಟಿನದೇ, ಆದರೆ ಬೇರೆ ಬಗೆ. ಬೋಗಿಯಂಥ ಕಾಡುಮರಗಳ ಬೇರನ್ನು ಹೊರಗಿನಿಂದ ಹೊದ್ದುಕೊಂಡು ಬದುಕುವಂಥದ್ದು. ಆದ್ದರಿಂದಲೇ ಚಿಪ್ಪಣಬೆಯ ಹಾಗೆ ಹುಲ್ಲಿನ ಚೀಲದಲ್ಲಿ ಅದನ್ನು ಬೆಳೆಯಲು ಬರುವುದಿಲ್ಲ. ಜೂನ್ ತಿಂಗಳಲ್ಲಿ ಪೇಟೆಗೆ ಬಂದಾಗ ಬೆಲೆ ಕೇಳಿ ಎದೆ ಹಿಡಿದುಕೊಂಡು ಕೊಳ್ಳುವುದೇ ಗತಿ.

ಎರೆಗೊಬ್ಬರದ ತೊಟ್ಟಿಗೆ ಇರುವೆ ಬರುತ್ತಿದೆ ಎಂದು ಬರೆದಿರುವ ಮೂವರು ಸೋದರಿಯರಿಗೆ ಮುಂದಿನ ಸಂಚಿಕೆಯಲ್ಲಿ ಉತ್ತರಿಸುತ್ತೇನೆ. ಅಲ್ಲಿಯವರೆಗೆ ತೊಟ್ಟಿಯ ನಾಲ್ಕು ಕಾಲಿನ ಕೆಳಗೆ ನೀರಿನ ತಟ್ಟೆ ಇಟ್ಟಿರಿ.